ಕರಾವಳಿಯ ತಾರಸಿಯಿಂದ ಉಪಗ್ರಹದ ಬೆನ್ನು ಹಿಡಿಯುವುದು: ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತೇವೆ

ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್) ಕೊಂಡಾಯಿತು, ಆಂಟೆನಾ ಕಟ್ಟಿಯಾಯಿತು, ಲ್ಯಾಪ್‌ಟಾಪ್ ಹಿಡಿದು ತಾರಸಿ ಹತ್ತಿದ್ದೂ ಆಯಿತು. ಕಾಲು ಗಂಟೆ ಕಾದರೂ ಪರದೆಯ ಮೇಲೆ ಬರೀ ಗದ್ದಲ. ಉಪಗ್ರಹ ಕಳಿಸುವ ಚಿತ್ರವನ್ನು ಮನೆಯಲ್ಲೇ ಹಿಡಿಯುವ ಈ ಹವ್ಯಾಸಕ್ಕೆ ಮಂಗಳೂರು, ಉಡುಪಿ ಕಡೆ ಇಳಿದವರಲ್ಲಿ ಹೆಚ್ಚಿನವರು ಇಲ್ಲೇ ಸಿಕ್ಕಿಹಾಕಿಕೊಂಡು, ಇನ್ನೂ ದುಬಾರಿ ಆಂಟೆನಾ ಹುಡುಕಲು ಹೊರಡುತ್ತಾರೆ. ಆದರೆ ದೋಷ ಆಂಟೆನಾದಲ್ಲಿ ಇರುವುದು ಅಪರೂಪ. ಆ ಉಪಗ್ರಹ ಈಗ ಕೆಲಸ ಮಾಡುತ್ತಿದೆಯೇ, ನಮ್ಮ ಮೇಲೆ ಎಷ್ಟು ಗಂಟೆಗೆ ಬರುತ್ತದೆ, ಯಾವ ದಿಕ್ಕಿನಿಂದ ಏರಿ ಎಲ್ಲಿ ಇಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗಟ್ಟಿಯಾಗದೆ ರೇಡಿಯೊ ಮುಟ್ಟಿದ್ದೇ ಎಡವಟ್ಟಿನ ಮೂಲ.

ಹಾಗಾಗಿ ಇಲ್ಲಿ ಮೊದಲು ಲೆಕ್ಕ, ಆಮೇಲೆ ಸಲಕರಣೆ. ಐದನೇ ಹಂತ ಮುಗಿಯುವವರೆಗೆ ಒಂದು ಪೈಸೆ ಖರ್ಚಿಲ್ಲ. ಕೊನೆಗೆ ನಿಮ್ಮ ಕೈಗೆ ಸಿಗುವುದು ರಷ್ಯಾದ ಮೀಟಿಯೊರ್-ಎಂ ಹವಾಮಾನ ಉಪಗ್ರಹ ನಿಮ್ಮ ತಲೆಯ ಮೇಲಿಂದ ಹೋಗುತ್ತಾ ಕಳಿಸಿದ ಚಿತ್ರ.

## ಬೇಕಾಗುವ ಸಾಮಾನು

ಲೆಕ್ಕದ ಭಾಗಕ್ಕೆ ಕಂಪ್ಯೂಟರ್, ಇಂಟರ್ನೆಟ್, ಉಪಗ್ರಹ ಯಾವಾಗ, ಎಲ್ಲಿ ಬರುತ್ತದೆಂದು ಲೆಕ್ಕ ಹಾಕುವ ಜಿಪ್ರೆಡಿಕ್ಟ್ ಎಂಬ ಉಚಿತ ತಂತ್ರಾಂಶ ಸಾಕು.

ಸಿಗ್ನಲ್ ಹಿಡಿಯುವುದಕ್ಕೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅರ್ಧ ಮೀಟರಿಗಿಂತ ತುಸು ಉದ್ದದ ಎರಡು ಅಲ್ಯೂಮಿನಿಯಂ ರಾಡ್, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸ್ಟ್ರಿಪ್ ಕನೆಕ್ಟರ್, ಪಿವಿಸಿ ಪೈಪ್, ಡಿಶ್ ಟಿವಿಯವರು ಎಳೆಯುವ ಆರ್‌ಜಿ-6 ಕೇಬಲ್, ಅದನ್ನು ಡಾಂಗಲ್‌ಗೆ ಕೂಡಿಸುವ ಅಡಾಪ್ಟರ್, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್. ಆರ್‌ಜಿ-6 ಕೇಬಲ್ 75 ಓಮ್, ಡಾಂಗಲ್ 50 ಓಮ್ ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಸಿಗ್ನಲ್ ಹಿಡಿಯುವ ಕೆಲಸಕ್ಕೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಸಿಗ್ನಲನ್ನು ಚಿತ್ರವಾಗಿ ಬಿಡಿಸಲು ಸ್ಯಾಟ್‌ಡಂಪ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಬೇಕು.

ಹೆಚ್ಚುವರಿ ಎಂದರೆ ಎಫ್‌ಎಂ ತಡೆಯುವ ಫಿಲ್ಟರ್. ಪೇಟೆಯೊಳಗಿನವರಿಗೆ ಇದು ಉಪಯೋಗಕ್ಕೆ ಬಂದೀತು, ಆದರೆ ಮೊದಲ ದಿನವೇ ಕೊಳ್ಳಬೇಡಿ.

## ಹಂತ 1: ಬದುಕಿರುವ ಉಪಗ್ರಹವನ್ನೇ ಆರಿಸಿ

ಅತಿ ಹೆಚ್ಚು ಜನ ಸೋಲುವುದು ಇಲ್ಲೇ. ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವ ಬಹುಪಾಲು ವಿಡಿಯೊಗಳು ಅಮೆರಿಕದ ನೋವಾ-15, ನೋವಾ-18, ನೋವಾ-19 ಉಪಗ್ರಹಗಳನ್ನು ಹಿಡಿಯುವ ಬಗ್ಗೆ ಇವೆ. ಈ ಮೂರೂ ನಿವೃತ್ತಿಯಾಗಿವೆ: ನೋವಾ-18 ಅನ್ನು 2025ರ ಜೂನ್‌ನಲ್ಲಿ, ಉಳಿದೆರಡನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ್ ಮಾಡಿದರು. ಅವು ಇನ್ನೂ ಕಕ್ಷೆಯಲ್ಲಿ ಸುತ್ತುತ್ತಿವೆ, ಜಿಪ್ರೆಡಿಕ್ಟ್ ಅವುಗಳ ಸಮಯವನ್ನು ಚೆನ್ನಾಗಿಯೇ ತೋರಿಸುತ್ತದೆ, ಆದರೆ ಮಾತಿಲ್ಲ ಕತೆಯಿಲ್ಲ. ಲೆಕ್ಕ ಸರಿ, ಆಂಟೆನಾ ಸರಿ, ಆದರೂ ಮೌನ ಎನ್ನುವವರು ಮೊದಲು ಯಾವ ಉಪಗ್ರಹ ಕಾಯುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಇನ್ನೊಂದು ಸಹಜ ಆಸೆ ನಮ್ಮ ಇಸ್ರೋದ ಉಪಗ್ರಹಗಳನ್ನೇ ಹಿಡಿಯಬೇಕು ಎಂಬುದು. ರಿಸೋರ್ಸ್‌ಸ್ಯಾಟ್, ಸಾಗರ ನೋಡುವ ಇಒಎಸ್-06 ಇವೆಲ್ಲ ಇದೇ ಬಗೆಯ ಕಕ್ಷೆಯಲ್ಲಿವೆ. ಎಲ್ಲಿವೆ, ಎಷ್ಟು ಗಂಟೆಗೆ ಬರುತ್ತವೆ ಎಂದು ಲೆಕ್ಕ ಹಾಕಬಹುದು. ಆದರೆ ಚಿತ್ರಗಳನ್ನು ಅವು 8 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕಳಿಸುತ್ತವೆ. ಅದಕ್ಕೆ ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ ಇರುವಂಥ ತಿರುಗುವ ದೊಡ್ಡ ಡಿಶ್ ಬೇಕು, ನಮ್ಮ ರಾಡಿಗೆ ಅದು ಒಗ್ಗುವ ಕೆಲಸವಲ್ಲ.

ಕಲಿಯುವವರಿಗೆ ತಕ್ಕವು ಮೀಟಿಯೊರ್-ಎಂ ಎನ್2-3 ಮತ್ತು ಎನ್2-4. ಮೊದಲನೆಯದು 2023ರ ಜೂನ್‌ನಲ್ಲಿ, ಎರಡನೆಯದು 2024ರ ಫೆಬ್ರುವರಿಯಲ್ಲಿ ಮೇಲೇರಿದವು. ಎರಡೂ ಸುಮಾರು 820 ಕಿ.ಮೀ. ಎತ್ತರದಲ್ಲಿವೆ, ಎರಡೂ 137 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಡಿಜಿಟಲ್ ಚಿತ್ರ ಬಿಡುತ್ತವೆ. ಆರಂಭಕ್ಕೆ ಎನ್2-4 ಹಿಡಿಯಿರಿ, ಅದರ ಸಿಗ್ನಲ್ ಗಟ್ಟಿ. ಕಂಪನಾಂಕ (ಫ್ರೀಕ್ವೆನ್ಸಿ) 137.9 ಅಥವಾ 137.1 ಮೆಗಾಹರ್ಟ್ಸ್, ನಡೆಸುವವರು ಇದನ್ನು ಆಗಾಗ ಅದಲುಬದಲು ಮಾಡುತ್ತಾರೆ, ಕೆಲವೊಮ್ಮೆ ಪ್ರಸಾರವನ್ನೇ ನಿಲ್ಲಿಸುವುದೂ ಉಂಟು. ತಾರಸಿ ಹತ್ತುವ ಹಿಂದಿನ ದಿನ ಇವತ್ತಿನ ಸ್ಥಿತಿ ಏನೆಂದು ನೋಡುವುದು ಕಡ್ಡಾಯ.

## ಹಂತ 2: ನಿಮ್ಮ ಜಾಗ, ನಿಮ್ಮ ಗಡಿಯಾರ

ಜಿಪ್ರೆಡಿಕ್ಟ್ ತೆರೆದು ಗ್ರೌಂಡ್ ಸ್ಟೇಷನ್ ಎಂಬಲ್ಲಿ ನಿಮ್ಮ ಸ್ಥಳ ತುಂಬಿ. ಮಂಗಳೂರಿಗೆ ಸುಮಾರು 12.9 ಡಿಗ್ರಿ ಉತ್ತರ, 74.85 ಡಿಗ್ರಿ ಪೂರ್ವ. ಉಡುಪಿಗೆ 13.34 ಉತ್ತರ, 74.74 ಪೂರ್ವ. ಲೊಕೇಟರ್ (ರೇಡಿಯೊ ಹವ್ಯಾಸಿಗಳು ಭೂಪಟವನ್ನು ಚೌಕಗಳಾಗಿ ಹಂಚಿ ಕೊಟ್ಟ ಗುರುತು) ಕೇಳಿದರೆ ಮಂಗಳೂರು ಪೇಟೆಗೆ ಎಂಕೆ72, ಉಡುಪಿಗೆ ಎಂಕೆ73. 13 ಡಿಗ್ರಿ ಗೆರೆ ದಾಟಿ ಉತ್ತರಕ್ಕೆ ಹೋದರೆ ಎಂಕೆ73. ನೀವು ಕದ್ರಿಯಲ್ಲಿದ್ದೀರೋ ಕಂಕನಾಡಿಯಲ್ಲಿದ್ದೀರೋ ಎಂಬುದು ಉಪಗ್ರಹಕ್ಕೆ ಏನೂ ಅಲ್ಲ. ಆದರೆ ಪೂರ್ವ ಎನ್ನುವಲ್ಲಿ ಪಶ್ಚಿಮ ಆರಿಸಿದರೆ ನಿಮ್ಮ ತಾರಸಿ ಕೆರಿಬಿಯನ್ ಕಡಲಿಗೆ ಹೋಗಿ ಕೂರುತ್ತದೆ. ನಕ್ಷೆಯ ಮೇಲೆ ಚುಕ್ಕಿ ಭಾರತದ ಪಡುಕರೆಯಲ್ಲೇ ಇದೆಯೇ ಎಂದು ಕಣ್ಣಿಟ್ಟು ನೋಡಿ.

ಗಡಿಯಾರದ ವಿಷಯ ಇನ್ನೂ ಮುಖ್ಯ. ಈ ಉಪಗ್ರಹದ ನೆರಳು ನೆಲದ ಮೇಲೆ ಸೆಕೆಂಡಿಗೆ ಆರೂವರೆ ಕಿ.ಮೀ. ಓಡುತ್ತದೆ. ಕಂಪ್ಯೂಟರ್ ಗಡಿಯಾರ ಒಂದು ನಿಮಿಷ ತಪ್ಪಿದರೆ ಸುಮಾರು 400 ಕಿ.ಮೀ. ತಪ್ಪಿದಂತೆ. ಇಂಟರ್ನೆಟ್ ಮೂಲಕ ಗಡಿಯಾರ ಸರಿಪಡಿಸಿಕೊಳ್ಳಿ. ಬಹಳ ದಿನ ಮುಚ್ಚಿಟ್ಟ ಹಳೆ ಲ್ಯಾಪ್‌ಟಾಪ್ ತೆಗೆದವರು ಇದನ್ನು ಖಂಡಿತ ಬಿಡಬೇಡಿ.

ಐದೂವರೆ ಗಂಟೆಯ ಗೊಂದಲವೂ ಇಲ್ಲೇ ಹುಟ್ಟುವುದು. ತಂತ್ರಾಂಶಗಳು ಕೆಲವು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ತೋರಿಸುತ್ತವೆ, ಕೆಲವು ನಮ್ಮ ಸಮಯ. 04:30 ಎಂದು ಕಂಡರೆ ಅದು ನಸುಕಿನ ನಾಲ್ಕೂವರೆಯೋ, ಯುಟಿಸಿಯಾಗಿದ್ದರೆ ನಮ್ಮ ಬೆಳಗ್ಗಿನ ಹತ್ತೋ? ಪರದೆಯ ಮೂಲೆಯಲ್ಲಿ ಓಡುವ ಗಡಿಯಾರವನ್ನು ನಿಮ್ಮ ಕೈಗಡಿಯಾರದ ಜತೆ ಹೋಲಿಸಿದರೆ ತಿಳಿಯುತ್ತದೆ. ಎರಡೂ ತಂತ್ರಾಂಶಗಳನ್ನು ಒಂದೇ ಸಮಯಕ್ಕೆ ಹೊಂದಿಸಿ, ಆಮೇಲೆ ಬದಲಿಸಲು ಹೋಗಬೇಡಿ.

## ಹಂತ 3: ಟಿಎಲ್‌ಇ ತರಿಸಿ, ಎರಡು ಅಂಕಿ ನೋಡಿ

ಉಪಗ್ರಹದ ಕಕ್ಷೆಯನ್ನು ಎರಡು ಸಾಲು ಅಂಕಿಗಳಲ್ಲಿ ಬರೆದಿಡುತ್ತಾರೆ, ಅದೇ ಟಿಎಲ್‌ಇ. ಸೆಲೆಸ್‌ಟ್ರಾಕ್ ತಾಣದಿಂದ ಜಿಪ್ರೆಡಿಕ್ಟ್ ಅದನ್ನು ತಾನೇ ತರಿಸಿಕೊಳ್ಳುತ್ತದೆ. ಹೆಸರು ನೋಡಿ ಹುಡುಕಬೇಡಿ, ಒಂದೇ ಬಗೆಯ ಹೆಸರುಗಳು ಹಲವು ಇವೆ. ಪಟ್ಟಿಯ ಕ್ರಮಸಂಖ್ಯೆ ನೋಡಿ: ಎನ್2-3ಕ್ಕೆ 57166, ಎನ್2-4ಕ್ಕೆ 59051.

ತರಿಸಿದ ಮೇಲೆ ಎರಡನೇ ಸಾಲಿನಲ್ಲಿ ಎರಡು ಅಂಕಿ ಹುಡುಕಿ. ಕಕ್ಷೆಯ ಓರೆ 98 ಡಿಗ್ರಿಯ ಆಸುಪಾಸು ಇರಬೇಕು. ಸಾಲಿನ ಕೊನೆಯ ಕಡೆ ಇರುವ, ದಿನಕ್ಕೆ ಎಷ್ಟು ಸುತ್ತು ಎಂಬ ಅಂಕಿ 14.2 ಆಸುಪಾಸು ಇರಬೇಕು. 1440 ನಿಮಿಷವನ್ನು 14.2ರಿಂದ ಭಾಗಿಸಿ, ಒಂದು ಸುತ್ತಿಗೆ 101 ನಿಮಿಷ ಬಂತೇ? ಹಾಗಾದರೆ ಸರಿಯಾದ ಉಪಗ್ರಹವೇ ಸಿಕ್ಕಿದೆ. ಓರೆ 51.6 ಎಂದು ಕಂಡರೆ ನೀವು ಹಿಡಿದಿರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ.

ಈ 98 ಡಿಗ್ರಿ ಸುಮ್ಮನೆ ಇಟ್ಟದ್ದಲ್ಲ. ಭೂಮಿಯ ಹೊಟ್ಟೆ ಭಾಗ ತುಸು ಉಬ್ಬಿರುವುದರಿಂದ ಕಕ್ಷೆಯ ತಟ್ಟೆ ನಿಧಾನಕ್ಕೆ ತಿರುಗುತ್ತದೆ. ಈ ಎತ್ತರ, ಈ ಓರೆ ಆರಿಸಿದರೆ ಅದು ದಿನಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ತಿರುಗಿ, ಸೂರ್ಯನ ಸುತ್ತ ಭೂಮಿ ಸಾಗುವ ವೇಗಕ್ಕೆ ಹೊಂದಿಕೊಳ್ಳುತ್ತದೆ. ಫಲವೇನೆಂದರೆ ಬೆಳಗ್ಗೆ ಬರುವ ಉಪಗ್ರಹ ವರ್ಷವಿಡೀ ಬೆಳಗ್ಗೆಯೇ ಬರುತ್ತದೆ, ಮತ್ತೆ ಹನ್ನೆರಡು ಗಂಟೆ ಬಿಟ್ಟು ರಾತ್ರಿ. ಒಂದು ವಾರದ ಪಟ್ಟಿ ತೆಗೆದು ನೋಡಿ: ಪಾಸ್‌ಗಳು, ಅಂದರೆ ಉಪಗ್ರಹ ನಮ್ಮ ಆಕಾಶವನ್ನು ಹಾದುಹೋಗುವ ಸರದಿಗಳು, ದಿನದ ಎರಡು ಹೊತ್ತಿನಲ್ಲೇ ಗುಂಪಾಗಿರಬೇಕು. ದಿನವಿಡೀ ಚದುರಿದ್ದರೆ ತಪ್ಪು ಉಪಗ್ರಹ.

ಟಿಎಲ್‌ಇ ಹಳತಾದಷ್ಟು ಲೆಕ್ಕ ಜಾರುತ್ತದೆ. ನಮ್ಮ ಅಗಲ ಕಣ್ಣಿನ ಆಂಟೆನಾಕ್ಕೆ ಒಂದು ವಾರದ ಹಳತು ನಡೆಯುತ್ತದೆ, ತಿಂಗಳ ಹಳತು ಬೇಡ. ಅಪ್‌ಡೇಟ್ ಒತ್ತಿದ ಮೇಲೆ ನಿಜವಾಗಿ ಹೊಸತು ಬಂತೇ ಎಂದು ದಿನಾಂಕ ನೋಡಿ. ಆಫೀಸಿನ ನೆಟ್‌ವರ್ಕ್‌ನಲ್ಲಿ ತಡೆ ಇದ್ದರೆ ತಂತ್ರಾಂಶ ತಕರಾರು ಮಾಡದೆ ಹಳೆಯದನ್ನೇ ಇಟ್ಟುಕೊಂಡಿರುತ್ತದೆ.

## ಹಂತ 4: ಖರ್ಚಿಲ್ಲದೆ ನಿಮ್ಮ ಲೆಕ್ಕವನ್ನು ಪರೀಕ್ಷಿಸಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ, ಯಾಕೆಂದರೆ ಲೆಕ್ಕ ಸರಿ ಎಂದು ಸಾಬೀತಾದರೆ ಮುಂದೆ ಸಂಶಯಪಡಬೇಕಾದ್ದು ರೇಡಿಯೊವನ್ನು ಮಾತ್ರ.

ಜಿಪ್ರೆಡಿಕ್ಟ್‌ಗೆ ನೆಲದ ಚಿತ್ರ ತೆಗೆಯುವ ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್-9 ಸೇರಿಸಿ, ಕ್ರಮಸಂಖ್ಯೆ 49260. ಅದರ ಎತ್ತರ 705 ಕಿ.ಮೀ., ಒಂದು ಸಲಕ್ಕೆ ನೋಡುವ ಪಟ್ಟಿಯ ಅಗಲ 185 ಕಿ.ಮೀ. ಅಂದರೆ ಅದು ನಿಮ್ಮ ಆಕಾಶದಲ್ಲಿ ಕಂಡ ದಿನವೆಲ್ಲ ನಿಮ್ಮ ಊರಿನ ಚಿತ್ರ ತೆಗೆಯುವುದಿಲ್ಲ. ಹಗಲಿನ ಪಾಸ್ 82–83 ಡಿಗ್ರಿಗಿಂತ ಮೇಲೆ (ದಿಗಂತ ಸೊನ್ನೆ, ನೆತ್ತಿ 90), ಹೆಚ್ಚುಕಡಿಮೆ ನೆತ್ತಿಯ ಮೇಲೆ ಬಂದ ದಿನ ಮಾತ್ರ ತೆಗೆಯುತ್ತದೆ. ಅಂಥ ದಿನ 16 ದಿನಕ್ಕೊಮ್ಮೆ ಬರುತ್ತದೆ. ಆ ದಿನ ಅದು ಅತಿ ಎತ್ತರದಲ್ಲಿ ಇರುವ ಗಂಟೆ, ನಿಮಿಷ, ಸೆಕೆಂಡು ಬರೆದಿಡಿ. ಕೆಲ ದಿನ ಬಿಟ್ಟು ಅಮೆರಿಕದ ಭೂಗರ್ಭ ಸಮೀಕ್ಷೆ ಸಂಸ್ಥೆ ಯುಎಸ್‌ಜಿಎಸ್‌ನ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಆ ದಿನದ ನಮ್ಮ ಕರಾವಳಿಯ ಚಿತ್ರ ತೆರೆದು ಮಾಹಿತಿಯಲ್ಲಿ ಸಮಯ ನೋಡಿ. ಅದು ಯುಟಿಸಿಯಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ. ನಿಮಿಷದೊಳಗೆ ಹೊಂದಿದರೆ ನಿಮ್ಮ ಸ್ಥಳ, ಯುಟಿಸಿ ಲೆಕ್ಕ, ಟಿಎಲ್‌ಇ ಮೂರೂ ಸರಿ. ಐದೂವರೆ ಗಂಟೆ ಅಂತರ ಬಂದರೆ ಯುಟಿಸಿ ಗೊಂದಲ, ಕೆಲವು ನಿಮಿಷ ಅಂತರ ಬಂದರೆ ಸ್ಥಳವೋ ಟಿಎಲ್‌ಇಯೋ ತಪ್ಪಿದೆ. ಮಳೆಗಾಲದಲ್ಲಿ ಚಿತ್ರದ ತುಂಬ ಬರೀ ಮೋಡ ಇದ್ದೀತು, ಸಮಯಕ್ಕೆ ಅದರಿಂದ ಬಾಧಕವಿಲ್ಲ. ಅವಸರವಿದ್ದವರು ಯುರೋಪಿನ ಸೆಂಟಿನೆಲ್-2 ಹಿಡಿಯಬಹುದು, ಅದರ ಪಟ್ಟಿ 290 ಕಿ.ಮೀ. ಅಗಲ, ಜೋಡಿಯಾಗಿ ಐದು ದಿನಕ್ಕೊಮ್ಮೆ ಬರುತ್ತವೆ.

ಇಲ್ಲಿ ಒಂದು ಸಂಶಯ ಬರುತ್ತದೆ. ಸೆಂಟಿನೆಲ್-2 ಬೆಳಗ್ಗೆ ಹತ್ತೂವರೆಗೆ ಹಾದುಹೋಗುತ್ತದೆ ಎಂದು ಎಲ್ಲೆಡೆ ಬರೆದಿರುತ್ತದೆ, ನಮ್ಮಲ್ಲಿ ಮಾತ್ರ ಹನ್ನೊಂದರ ಸುಮಾರಿಗೆ ಬರುತ್ತದೆ. ತಪ್ಪೇನಿಲ್ಲ. ಹತ್ತೂವರೆ ಎನ್ನುವುದು ಆಯಾ ಊರಿನ ಸೂರ್ಯನ ಲೆಕ್ಕದ ಸಮಯ. ಭಾರತೀಯ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ಮಂಗಳೂರು ಅಲ್ಲಿಂದ ಏಳೂವರೆ ಡಿಗ್ರಿಗಿಂತ ತುಸು ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ.

## ಹಂತ 5: ಯಾವ ಪಾಸ್, ಯಾವ ಜಾಗ

ಯುರೋಪಿನವರು ಬರೆದ ಮಾರ್ಗದರ್ಶಿ ಓದಿ ದಿನಕ್ಕೆ ಆರೇಳು ಒಳ್ಳೆಯ ಪಾಸ್ ಸಿಗುತ್ತದೆ ಎಂದುಕೊಂಡರೆ ನಿರಾಸೆ ಖಚಿತ. ಧ್ರುವದ ಹತ್ತಿರ ಹೋದಂತೆ ಕಕ್ಷೆಗಳು ಒತ್ತಾಗುತ್ತವೆ, ನಮ್ಮ 13 ಡಿಗ್ರಿಯಲ್ಲಿ ಅವು ವಿರಳ. ಪ್ರತಿ ಸುತ್ತಿಗೂ ಭೂಮಿ 25 ಡಿಗ್ರಿ ತಿರುಗಿರುತ್ತದೆ, 820 ಕಿ.ಮೀ. ಎತ್ತರದ ಉಪಗ್ರಹ ನಮಗೆ ಕಾಣುವುದು ಆಚೀಚೆ 27–28 ಡಿಗ್ರಿಯವರೆಗೆ ಮಾತ್ರ. ಹೀಗಾಗಿ ಬೆಳಗ್ಗೆ ಎರಡು, ರಾತ್ರಿ ಎರಡು, ಅಪರೂಪಕ್ಕೆ ಮೂರು.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಒಂದು ಪಾಸ್ ನೆತ್ತಿಯ ಮೇಲೆಯೇ ಬಂದರೆ ಅದರ ಹಿಂದಿನದ್ದೂ ಮುಂದಿನದ್ದೂ ದಿಗಂತಕ್ಕೆ ತಾಗಿಕೊಂಡೇ ಹೋಗುತ್ತವೆ, ಅವುಗಳಿಂದ ಉಪಯೋಗವಿಲ್ಲ. ಇನ್ನು ಕೆಲವು ದಿನ ಒಂದು ಬಂಗಾಳಕೊಲ್ಲಿಯ ಕಡೆ, ನೂರು ನಿಮಿಷ ಬಿಟ್ಟು ಇನ್ನೊಂದು ಅರಬ್ಬೀ ಸಮುದ್ರದ ಕಡೆ, ಎರಡೂ 20–25 ಡಿಗ್ರಿಗಿಂತ ಮೇಲೇರುವುದಿಲ್ಲ. ಮೊದಲ ಪ್ರಯತ್ನಕ್ಕೆ 50 ಡಿಗ್ರಿಗಿಂತ ಮೇಲೇರುವ ಹಗಲಿನ ಪಾಸ್ ಆರಿಸಿ. ನೆತ್ತಿಯ ಮೇಲಿನ ಪಾಸ್ ದಿಗಂತದಿಂದ ದಿಗಂತಕ್ಕೆ ಹದಿನೈದು ನಿಮಿಷ, ಅದರಲ್ಲಿ ಹತ್ತು ಡಿಗ್ರಿಗಿಂತ ಮೇಲೆ ಇರುವುದು ಹನ್ನೊಂದು ನಿಮಿಷ.

ದಿಕ್ಕನ್ನೂ ನೋಡಿಕೊಳ್ಳಿ. ಇಳಿಯುವ ಹಾದಿಯಲ್ಲಿ ಅದು ಉತ್ತರದಿಂದ, ತುಸು ಈಶಾನ್ಯಕ್ಕೆ ವಾಲಿ ಬಂದು ದಕ್ಷಿಣಕ್ಕೆ ಹೋಗುತ್ತದೆ. ಏರುವ ಹಾದಿಯಲ್ಲಿ ದಕ್ಷಿಣದಿಂದ ಉತ್ತರಕ್ಕೆ. ಪಡುವಣದಿಂದ ಮೂಡಣಕ್ಕೆ ಹೋಗುವ ಗೆರೆ ಪರದೆಯಲ್ಲಿ ಕಂಡರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

ಜಾಗ ಆರಿಸುವಾಗ ಎಲ್ಲರೂ ಘಟ್ಟವನ್ನು ದೂರುತ್ತಾರೆ. ಪಾಪ, ಘಟ್ಟದ್ದೇನೂ ತಪ್ಪಿಲ್ಲ. 1,900 ಮೀಟರ್ ಹತ್ತಿರದ ಕುದುರೆಮುಖವೂ ಕಡಲತೀರದಿಂದ ಎರಡು ಡಿಗ್ರಿಗಿಂತ ಮೇಲೇಳುವುದಿಲ್ಲ. ನಿಜವಾದ ಅಡ್ಡಿ ಅಂಗಳದ ತೆಂಗಿನಮರ: ಇಪ್ಪತ್ತು ಮೀಟರ್ ದೂರದಲ್ಲಿ ಹದಿನೈದು ಮೀಟರ್ ಎತ್ತರದ ಮರ ನಿಂತಿದ್ದರೆ ಒಂದೂವರೆ ಮೀಟರ್ ಎತ್ತರದ ಆಂಟೆನಾಕ್ಕೆ ಆ ದಿಕ್ಕಿನಲ್ಲಿ 34 ಡಿಗ್ರಿಯವರೆಗೆ ಆಕಾಶ ಅದರದ್ದೇ. ಒಂದೆರಡು ಮರದಿಂದ ಸಿಗ್ನಲ್ ಕುಗ್ಗೀತು ಅಷ್ಟೆ, ತೋಟದ ನಡುವೆ ಕೂತರೆ ಕಷ್ಟ.

ತೆಂಗಿಗಿಂತ ದೊಡ್ಡ ಶತ್ರು ತಾರಸಿಯ ಮೇಲೆ ಮಳೆಗೆಂದು ಹಾಕಿಸಿದ ತಗಡಿನ ಶೀಟು. ನಮ್ಮೂರಲ್ಲಿ ಮನೆ ಬಿಟ್ಟು ಮನೆಗೆ ಇದು ಇದೆ. ಶೀಟಿನ ಕೆಳಗೆ ಆಂಟೆನಾ ಇಟ್ಟರೆ ನೆತ್ತಿಯ ಮೇಲಿನ ಪಾಸ್ ಕೂಡ ಸಿಗದು. ಶೀಟಿಲ್ಲದ ಬಾಲ್ಕನಿ ತುದಿ, ಅಂಗಳ, ಗದ್ದೆಯ ಬದಿ ಯಾವುದೂ ಅದಕ್ಕಿಂತ ಮೇಲು. ಮಲ್ಪೆ, ಪಣಂಬೂರು ಕಿನಾರೆಯಲ್ಲಿ ಪಡುವಣ ಆಕಾಶ ಪೂರ್ತಿ ಬಯಲು, ಆದರೆ ಅಲ್ಲಿ ಆಂಟೆನಾ ನಿಲ್ಲಿಸಿಕೊಂಡು ಕೂತವರನ್ನು ಕರಾವಳಿ ಕಾವಲು ಪೊಲೀಸರು ವಿಚಾರಿಸುವುದು ಸಹಜ. ಮೊದಲೇ ತಿಳಿಸಿ, ಗುರುತಿನ ಚೀಟಿ ಜತೆಗಿಡಿ. ವಿಮಾನ ನಿಲ್ದಾಣ, ಬಂದರಿನ ಬೇಲಿ ಪಕ್ಕ ಬೇಡವೇ ಬೇಡ.

## ಹಂತ 6: ಆಂಟೆನಾ

ಎರಡು ರಾಡ್, ತಲಾ 53 ಸೆಂ.ಮೀ. ಎರಡರ ನಡುವೆ 120 ಡಿಗ್ರಿ ಕೋನ ಬರುವಂತೆ ಸ್ಟ್ರಿಪ್ ಕನೆಕ್ಟರಿಗೆ ಬಿಗಿಯಿರಿ. ಕೇಬಲಿನ ನಡುತಂತಿ ಒಂದು ರಾಡಿಗೆ, ಸುತ್ತಲಿನ ಜಾಲರಿ ಇನ್ನೊಂದಕ್ಕೆ. ಅಳತೆಯಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಆದರೆ ಅಡ್ಡಿಯಿಲ್ಲ. ಆದರೆ ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಕೆಲಸ ಕೆಟ್ಟಂತೆ. ಮಲ್ಟಿಮೀಟರಿನಿಂದ ಎರಡು ರಾಡ್‌ಗಳ ನಡುವೆ ಸಂಪರ್ಕ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಪಿವಿಸಿ ಪೈಪಿನ ತುದಿಗೆ ಕಟ್ಟಿ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಮಲಗಿಸಿ. ಕೋನದ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿರಲಿ, ಉಪಗ್ರಹ ಓಡುವ ದಿಕ್ಕು ಅದೇ ತಾನೇ. ಮೊಬೈಲಿನ ದಿಕ್ಸೂಚಿ ಸಾಕು. ಇದನ್ನು ಹಳೆಯ ಟಿವಿ ಆಂಟೆನಾದಂತೆ ಲಂಬವಾಗಿ ನಿಲ್ಲಿಸುವವರಿದ್ದಾರೆ, ಹಾಗೆ ಮಾಡಿದರೆ ನೆಲದ ಮೇಲಿನ ವಾಕಿಟಾಕಿ, ಪೇಜರ್ ಬಗೆಯ ಗದ್ದಲವೆಲ್ಲ ಒಳಗೆ ಬರುತ್ತದೆ. ಮಲಗಿಸಿದ ಆಂಟೆನಾ ಆ ಲಂಬ ಅಲೆಗಳಿಗೆ ಕಿವುಡು. ಉಪಗ್ರಹದ್ದು ತಿರುಚಿಕೊಂಡು ಬರುವ ಅಲೆಯಾದ್ದರಿಂದ ಅದರಲ್ಲಿ ಅರ್ಧ ಕೈತಪ್ಪುತ್ತದೆ, ಮೂರು ಡೆಸಿಬೆಲ್. ಆ ನಷ್ಟ ತಾಳಿಕೊಳ್ಳಬಹುದು.

ಪಕ್ಕದಲ್ಲಿ ಸಿಂಟೆಕ್ಸ್ ಟ್ಯಾಂಕ್ ಇದ್ದರೆ ಚಿಂತೆಯಿಲ್ಲ. ಕಬ್ಬಿಣದ ಏಣಿ, ಸೋಲಾರ್ ವಾಟರ್ ಹೀಟರ್ ಇದ್ದರೆ ಎರಡು ಮೀಟರಾದರೂ ದೂರ ಸರಿಯಿರಿ.

## ಹಂತ 7: ಡಾಂಗಲ್ ಮತ್ತು ಡ್ರೈವರ್

ವಿಂಡೋಸ್ ಕಂಪ್ಯೂಟರ್ ಡಾಂಗಲನ್ನು ಟಿವಿ ಟ್ಯೂನರ್ ಎಂದೇ ತಿಳಿಯುತ್ತದೆ. ಝಾಡಿಗ್ ಎಂಬ ಸಣ್ಣ ತಂತ್ರಾಂಶದಿಂದ ಅದರ ಡ್ರೈವರ್ ಬದಲಿಸಬೇಕು. ಪಟ್ಟಿಯಲ್ಲಿ ಎಲ್ಲ ಉಪಕರಣ ತೋರಿಸು ಎಂಬುದನ್ನು ಒತ್ತಿ, ಬಲ್ಕ್-ಇನ್ ಇಂಟರ್‌ಫೇಸ್ ಸೊನ್ನೆ ಎಂಬುದನ್ನೇ ಆರಿಸಿ, ವಿನ್‌ಯುಎಸ್‌ಬಿ ಹಾಕಿ. ಇಲ್ಲಿ ಕಣ್ಣು ತಪ್ಪಿ ಮೌಸ್ ಅಥವಾ ಕೀಬೋರ್ಡ್‌ನ ಡ್ರೈವರ್ ಬದಲಿಸಿಬಿಟ್ಟರೆ ಆಮೇಲೆ ಅದನ್ನು ಸರಿಪಡಿಸಲು ಇನ್ನೊಂದು ಮೌಸ್ ಹುಡುಕಬೇಕಾದೀತು. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಡಾಂಗಲ್ ಆದರೆ ಅದಕ್ಕೆಂದೇ ಇರುವ ಡ್ರೈವರ್ ಬೇಕು. ಹಳೆಯದರಲ್ಲಿ ಚಾಲೂ ಆದಂತೆ ಕಂಡರೂ ಸಿಗ್ನಲ್ ಸರಿಯಾಗಿ ಬರುವುದಿಲ್ಲ.

ಡಾಂಗಲನ್ನು ಲ್ಯಾಪ್‌ಟಾಪಿಗೆ ಅಂಟಿಸಿದಂತೆ ಚುಚ್ಚದೆ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ, ಚಾರ್ಜರ್ ಕಿತ್ತಿಡಿ. ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್ ಇವೂ ಗದ್ದಲ ಎಬ್ಬಿಸುತ್ತವೆ. ಸಂಶಯವಿದ್ದರೆ ಒಂದೊಂದಾಗಿ ಆರಿಸಿ ಪರದೆ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ.

ಗೇನ್ (ಡಾಂಗಲ್ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಎಂಬ ಮಟ್ಟ) ತಾನಾಗಿ ಹೊಂದಿಕೊಳ್ಳುವ ಆಯ್ಕೆಯನ್ನು ತೆಗೆಯಿರಿ. 30ರ ಆಸುಪಾಸಿನಿಂದ ಶುರು ಮಾಡಿ ಮೆಲ್ಲಗೆ ಏರಿಸಿ. ಆಂಟೆನಾ ಚುಚ್ಚಿದಾಗ ಗದ್ದಲದ ಮಟ್ಟ ತುಸು ಮೇಲೇಳಬೇಕು, ಅಷ್ಟು ಸಾಕು. ಇನ್ನೂ ಏರಿಸಿದಾಗ 137ರಲ್ಲಿ ಹಾಡೋ ಮಾತೋ ಕೇಳಿಬಂದರೆ ಅದು 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ನಿಮ್ಮ ಡಾಂಗಲ್ ಒಳಗೆ ನುಗ್ಗಿದ ಲಕ್ಷಣ. ಗೇನ್ ಇಳಿಸಿ. ಇಳಿಸಿದರೂ ಹೋಗದಿದ್ದರೆ ಆಗ ಫಿಲ್ಟರ್ ಕೊಳ್ಳಿ. ಬಯಾಸ್-ಟೀ ಎಂಬ ಗುಂಡಿ ಆಂಟೆನಾ ಬಳಿ ಆಂಪ್ಲಿಫೈಯರ್ ಇಟ್ಟವರಿಗೆ ಮಾತ್ರ, ನೀವು ಮುಟ್ಟಬೇಡಿ.

ಉಪಗ್ರಹ ಬರುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. 137ರಿಂದ 138ರ ನಡುವೆ ಆರ್ಬ್‌ಕಾಮ್ ಎಂಬ ಸಂದೇಶ ಉಪಗ್ರಹಗಳ ಸಣ್ಣ ಸಿಗ್ನಲ್‌ಗಳು ಆಗಾಗ ಕಾಣುತ್ತವೆ. ಪರದೆಯಲ್ಲಿ ತೆಳು ಗೆರೆ ಮೂಡಿ, ನೇರ ಇಳಿಯದೆ ನಿಮಿಷಗಟ್ಟಲೆ ಓರೆಯಾಗಿ ಜಾರಿದರೆ ಅದು ಆಕಾಶದ್ದೇ. ನೇರ ನಿಂತ ಗೆರೆ ನಿಮ್ಮ ಮನೆಯದ್ದೋ ನೆರೆಮನೆಯದ್ದೋ ಕಸ.

ಇದೆಲ್ಲ ಬರೀ ಕೇಳುವ ಕೆಲಸ. ಈ ಪಟ್ಟಿಯಲ್ಲಿ ತರಂಗ ಬಿಡುವುದಕ್ಕೆ ಪರವಾನಗಿ ಬೇಕು, ಅದರ ತಂಟೆಗೆ ಹೋಗಬೇಡಿ. ವಿಮಾನಗಳ ಮಾತುಕತೆ 137ರ ಪಕ್ಕದಲ್ಲೇ ಇದೆ, ಅದನ್ನು ಕೇಳುವುದು, ಹಂಚುವುದು ನಮ್ಮ ಕೆಲಸವಲ್ಲ.

## ಹಂತ 8: ಪಾಸ್ ಬರುವ ಹೊತ್ತು

ಇಪ್ಪತ್ತು ನಿಮಿಷ ಮೊದಲೇ ಎಲ್ಲ ಜೋಡಿಸಿ. ಸ್ಯಾಟ್‌ಡಂಪ್‌ನ ರೆಕಾರ್ಡರ್ ತೆರೆದು ಆರ್‌ಟಿಎಲ್-ಎಸ್‌ಡಿಆರ್ ಆರಿಸಿ, 137.5ಕ್ಕೆ ಟ್ಯೂನ್ ಮಾಡಿ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸಿಗ್ನಲ್ ಅಳೆಯಬೇಕು ಎಂಬುದು) 2.4 ಮೆಗಾ ಇಡಿ. ಹೀಗೆ ಇಟ್ಟರೆ 137.1 ಮತ್ತು 137.9 ಎರಡೂ ಒಂದೇ ಪರದೆಯಲ್ಲಿ ಕಾಣುತ್ತವೆ. ನಟ್ಟನಡುವೆ ನಿಂತಿರುವ ಚೂಪು ಗೆರೆ ಡಾಂಗಲಿನದ್ದೇ, ಅದನ್ನು ಉಪಗ್ರಹ ಎಂದು ಭ್ರಮಿಸಬೇಡಿ.

ಮೀಟಿಯೊರ್ ಬಂದಾಗ ಏನು ಕಾಣುತ್ತದೆ ಎಂದು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಕಣ್ಣೆದುರೇ ಹಾದುಹೋದರೂ ಗೊತ್ತಾಗುವುದಿಲ್ಲ. ಚೂಪಾದ ಮುಳ್ಳನ್ನು ಹುಡುಕಬೇಡಿ. ಸುಮಾರು 120 ಕಿಲೋಹರ್ಟ್ಸ್ ಅಗಲಕ್ಕೆ ಗದ್ದಲದ ನೆಲವೇ ಮೆಲ್ಲಗೆ ಉಬ್ಬುತ್ತದೆ, ಅದರ ಕೆಳಗೆ ಜಲಪಾತದಂತೆ ಇಳಿಯುತ್ತಾ ಸಿಗ್ನಲ್ ತೋರಿಸುವ ಚಿತ್ರದಲ್ಲಿ (ವಾಟರ್‌ಫಾಲ್) ಮಸುಕಾದ ಅಗಲ ಪಟ್ಟಿ ಇಳಿಯತೊಡಗುತ್ತದೆ. ಮೊದಲ ಒಂದೆರಡು ನಿಮಿಷ ಅದು ಇದೆಯೋ ಇಲ್ಲವೋ ಎಂಬಷ್ಟು ತೆಳು. ಹದಿನೈದು ಡಿಗ್ರಿ ಏರುವಷ್ಟರಲ್ಲಿ ಅಂಚು ಸ್ಪಷ್ಟವಾಗುತ್ತದೆ.

ಯಾವ ಕಂಪನಾಂಕದಲ್ಲಿದೆ ಎಂದು ಕಂಡ ಕೂಡಲೇ ಅದಕ್ಕೇ ಟ್ಯೂನ್ ಮಾಡಿ, ಮೀಟಿಯೊರ್ ಎಲ್‌ಆರ್‌ಪಿಟಿ 72ಕೆ ಎಂಬ ಆಯ್ಕೆ ಹಾಕಿ ಶುರು ಒತ್ತಿ. ಪಕ್ಕದ ಚೌಕದಲ್ಲಿ ಚುಕ್ಕೆಗಳ ಮಂಜು ಕಾಣುತ್ತದೆ. ಸಿಗ್ನಲ್ ಬಲಿತಂತೆ ಆ ಮಂಜು ನಾಲ್ಕು ಮೂಲೆಗೆ ಸರಿದು ನಾಲ್ಕು ಗುಂಪಾಗುತ್ತದೆ. ಸಿಗ್ನಲ್ 5–6 ಡೆಸಿಬೆಲ್ ದಾಟಿದರೆ ಕೆಳಗಿನ ಎರಡೂ ಕಡೆ ಹಸಿರು ಅಕ್ಷರದಲ್ಲಿ ಸಿಂಕ್ ಆಗಿದೆ ಎಂದು ಬರುತ್ತದೆ, ಚಿತ್ರದ ಸಾಲು ಒಂದೊಂದಾಗಿ ಇಳಿಯುತ್ತದೆ.

ನಾಲ್ಕು ಗುಂಪು ಸ್ಪಷ್ಟವಾಗಿದ್ದೂ ಸಿಂಕ್ ಕೆಂಪಾಗಿಯೇ ಇದ್ದರೆ 72ಕೆ ಬದಲು 80ಕೆ ಆಯ್ಕೆ ನೋಡಿ. ಗುಂಪು ಆಗದೆ ಉಂಗುರದಂತೆ ಸುತ್ತುತ್ತಿದ್ದರೆ ಕಂಪನಾಂಕ ದೂರ ಇದೆ ಎಂದರ್ಥ. ಉಪಗ್ರಹದ ಓಟದಿಂದ ಆಗುವ ಏರಿಳಿತ ಆಚೀಚೆ ಮೂರು ಕಿಲೋಹರ್ಟ್ಸ್ ಮಾತ್ರ, ಅದನ್ನು ತಂತ್ರಾಂಶ ತಾನೇ ಸಂಭಾಳಿಸುತ್ತದೆ, ನೀವು ಗುಂಡಿ ತಿರುಗಿಸುತ್ತಾ ಕೂರಬೇಡಿ. ಅಗ್ಗದ ನೀಲಿ ಡಾಂಗಲ್‌ಗಳಲ್ಲಿ ಅದರ ಒಳಗಡಿಯಾರವೇ ಆರೇಳು ಕಿಲೋಹರ್ಟ್ಸ್ ತಪ್ಪಿರಬಹುದು, ಒಮ್ಮೆ ಸರಿಪಡಿಸಿಟ್ಟರೆ ಮುಗಿಯಿತು. ಪಾಸ್ ನಡೆಯುವಾಗ ಆಂಟೆನಾ ಹಿಡಿದು ಅತ್ತಿತ್ತ ತಿರುಗಿಸುವುದು ಇನ್ನೊಂದು ಚಾಳಿ. ಈ ಆಂಟೆನಾಕ್ಕೆ ಅದು ಬೇಡ, ನಿಮ್ಮ ಮೈಯೇ ಸಿಗ್ನಲ್ ಕೆಡಿಸುತ್ತದೆ. ಇಟ್ಟು ದೂರ ಸರಿಯಿರಿ.

ಬಿಡಿಸುವುದರ ಜತೆಗೆ ಮೂಲ ಸಿಗ್ನಲನ್ನೂ ಉಳಿಸಿದರೆ ಆಮೇಲೆ ಬೇರೆ ಆಯ್ಕೆಯಲ್ಲಿ ಪ್ರಯತ್ನಿಸಬಹುದು. 1 ಮೆಗಾಕ್ಕೆ ಇಳಿಸಿದ ಸ್ಯಾಂಪಲ್ ರೇಟ್, 8 ಬಿಟ್‌ನಲ್ಲಿ ಒಂದು ಪಾಸ್‌ಗೆ ಎರಡು ಜಿಬಿ ಹತ್ತಿರ ಬೇಕು. ಡಿಸ್ಕ್ ತುಂಬಿ ಅರ್ಧಕ್ಕೆ ನಿಲ್ಲದಂತೆ ಮೊದಲೇ ಜಾಗ ಮಾಡಿಡಿ.

## ಹಂತ 9: ಚಿತ್ರ ಓದುವುದು

ಉಪಗ್ರಹದ ಕ್ಯಾಮೆರಾಕ್ಕೆ ಆರು ಚಾನೆಲ್, ನಮಗೆ ಒಮ್ಮೆಗೆ ಬರುವುದು ಮೂರು. ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಸುಮಾರು ಒಂದು ಕಿ.ಮೀ. ನಿಮ್ಮ ಮನೆ, ನೇತ್ರಾವತಿ ಸೇತುವೆ ಹುಡುಕಬೇಡಿ. ಘಟ್ಟದ ಹಸಿರು ಪಟ್ಟಿ, ಶ್ರೀಲಂಕಾ, ಲಕ್ಷದ್ವೀಪದ ಮೇಲಿನ ಮೋಡ ಇವು ಗುರುತು ಸಿಗುತ್ತವೆ. ತಲೆಕೆಳಗಾಗಿ ಕಂಡರೆ ಅದು ದಕ್ಷಿಣದಿಂದ ಏರಿದ ಪಾಸ್, 180 ಡಿಗ್ರಿ ತಿರುಗಿಸಿ. ರಾತ್ರಿ ಚಿತ್ರ ಪೂರ್ತಿ ಕಪ್ಪಾದರೆ ಗಾಬರಿ ಬೇಡ: ಬೆಳಕಿನ ಚಾನೆಲ್‌ಗಳಿಗೆ ರಾತ್ರಿ ಕಾಣುವುದೇನೂ ಇಲ್ಲ, ಶಾಖ ನೋಡುವ ಚಾನೆಲ್ ತೆರೆಯಿರಿ. ನಡುನಡುವೆ ಕಪ್ಪು ಪಟ್ಟಿ ಇದ್ದರೆ ಆ ಹೊತ್ತಿಗೆ ಉಪಗ್ರಹ ಯಾವ ದಿಕ್ಕಿನಲ್ಲಿತ್ತು ಎಂದು ಜಿಪ್ರೆಡಿಕ್ಟ್‌ನಲ್ಲಿ ನೋಡಿ. ಸಾಮಾನ್ಯವಾಗಿ ಒಂದು ಮರವೋ ನೀರಿನ ಟ್ಯಾಂಕಿನ ಕಾಂಕ್ರೀಟ್ ಗೋಡೆಯೋ ಅಲ್ಲೇ ನಿಂತಿರುತ್ತದೆ.

## ಸಿಡಿಲು, ಮಳೆ, ಉಪ್ಪುಗಾಳಿ

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲಿ ಗುಡುಗಿನ ಸದ್ದು ಕೇಳಿತೆಂದರೆ, ಎಷ್ಟೇ ದೂರದ್ದಾದರೂ, ಪಾಸ್ ಬಿಟ್ಟು ಕೆಳಗಿಳಿಯಿರಿ. ತಾರಸಿಯ ಮೇಲೆ ರಾಡ್ ನಿಲ್ಲಿಸಿ ಅದರ ಪಕ್ಕ ಕೂರುವ ಹೊತ್ತಲ್ಲ ಅದು. ಕೇಬಲನ್ನು ಡಾಂಗಲ್‌ನಿಂದ ಮಾತ್ರ ಕಿತ್ತರೆ ಸಾಲದು, ಅದರ ತುದಿ ಮನೆಯೊಳಗೆ ಇರಬಾರದು. ಕೆಲಸ ಮುಗಿದ ದಿನವೇ ಆಂಟೆನಾ ಬಿಚ್ಚಿ ಒಳಗಿಡುವುದು ಎಲ್ಲಕ್ಕಿಂತ ಸುಲಭ, ಎರಡು ರಾಡು ತಾನೇ.

ಜೂನ್ ಬಂತೆಂದು ನಿಲ್ಲಿಸಬೇಕಾಗಿಲ್ಲ. 137 ಮೆಗಾಹರ್ಟ್ಸ್ ಅಲೆಗೆ ಮೋಡ, ಮಳೆ ಯಾವುದೂ ಲೆಕ್ಕಕ್ಕಿಲ್ಲ. ಮಳೆಯಲ್ಲಿ ಸಿಗ್ನಲ್ ಕುಸಿದರೆ ಕೇಬಲಿನೊಳಗೆ ನೀರು ಹೋಗಿದೆ ಎಂದೇ ತಿಳಿಯಿರಿ. ಸ್ಟ್ರಿಪ್ ಕನೆಕ್ಟರನ್ನು ಸಣ್ಣ ಡಬ್ಬಿಯೊಳಗಿಟ್ಟು ಕೇಬಲ್ ಕೆಳಗಿನಿಂದ ಹೊರಬರುವಂತೆ ಮಾಡಿ, ಬಾಯಿಗೆ ಎಂ-ಸೀಲ್ ಮೆತ್ತಿ. ಕೇಬಲ್ ಮನೆಯೊಳಗೆ ಹೋಗುವ ಮುನ್ನ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ, ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಕಡಲ ಹತ್ತಿರದವರಿಗೆ ಉಪ್ಪುಗಾಳಿಯ ಕಾಟ ಬೇರೆ. ಒಂದೆರಡು ತಿಂಗಳಿಗೊಮ್ಮೆ ಸ್ಕ್ರೂ ಬಿಚ್ಚಿ ನೋಡಿ. ಅಲ್ಯೂಮಿನಿಯಂ ರಾಡಿನ ತುದಿಯಲ್ಲಿ ಬಿಳಿ ಪುಡಿ, ತಾಮ್ರದ ತಂತಿಯ ಮೇಲೆ ಹಸಿರು ಕಿಲುಬು ಕಂಡರೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕೇಬಲಿನ ತುದಿ ಎರಡು ಇಂಚು ಕತ್ತರಿಸಿ ಹೊಸದಾಗಿ ಸುಲಿದು ಬಿಗಿಯಿರಿ. ಕತ್ತರಿಸಿದ ಮೇಲೂ ಜಾಲರಿ ಕಪ್ಪಾಗಿದ್ದರೆ ಇಡೀ ಕೇಬಲ್ ಬದಲಿಸಿ.